ಟೊರೆಂಟ್ ಬದಲು ನ್ಯೂಸ್‌ಗ್ರೂಪ್: ಮುಲುಂಡಿನ ಮನೆಯಲ್ಲಿ ಡೌನ್‌ಲೋಡ್ ಯಂತ್ರ ಕಟ್ಟಿದ ಬಗೆ

ಮುಂಬಯಿಯ ಹೌಸಿಂಗ್ ಸೊಸೈಟಿಗಳಿಗೆ ಬರುವ ಬ್ರಾಡ್‌ಬ್ಯಾಂಡ್ ಸಂಪರ್ಕಗಳಲ್ಲಿ ಎಷ್ಟೋ ಸಂಪರ್ಕಗಳಿಗೆ ಸ್ವಂತದ ಸಾರ್ವಜನಿಕ ಐಪಿ ವಿಳಾಸವೇ ಇರುವುದಿಲ್ಲ. ಅನೇಕ ಮನೆಗಳು ಒಂದೇ ವಿಳಾಸದ ಹಿಂದೆ ನಿಂತು ಹೊರಗಿನ ಜಾಲವನ್ನು ಕಾಣುತ್ತವೆ. ಈ ಏರ್ಪಾಡಿಗೆ ಸಿಜಿನ್ಯಾಟ್ ಎಂದು ಹೆಸರು. ನಿಮ್ಮ ಮನೆಯಲ್ಲಿ ಇದು ಇದೆಯೇ ಎಂದು ತಿಳಿಯಲು ರೌಟರಿನ ಸ್ಟೇಟಸ್ ಪುಟ ತೆರೆದು ವ್ಯಾನ್ ಐಪಿ ಎಂಬ ಸಾಲನ್ನು ನೋಡಿದರೆ ಸಾಕು. ಅಲ್ಲಿಯ ಸಂಖ್ಯೆ 100.64ರಿಂದ 100.127ರ ನಡುವೆ ಆರಂಭವಾಗುತ್ತಿದ್ದರೆ, ಅದು 2012ರಲ್ಲಿ ಇದೇ ಕೆಲಸಕ್ಕೆಂದು ಮೀಸಲಿಟ್ಟ ಶ್ರೇಣಿ. ಮುಲುಂಡಿನ ನಮ್ಮ ಮನೆಯ ರೌಟರ್ ತೋರಿಸುವುದೂ ಇಂಥದೇ ಸಂಖ್ಯೆಯನ್ನು.

ಟೊರೆಂಟ್ ಬಳಸುವವರಿಗೆ ಇದರಿಂದ ನೇರವಾದ ನಷ್ಟವಿದೆ. 2001ರಲ್ಲಿ ಬ್ರಾಮ್ ಕೋಹೆನ್ ರೂಪಿಸಿದ ಬಿಟ್‌ಟೊರೆಂಟ್ ನಿಂತಿರುವುದೇ ಒಬ್ಬರ ಯಂತ್ರ ಇನ್ನೊಬ್ಬರ ಯಂತ್ರವನ್ನು ತಲುಪಬಲ್ಲದು ಎಂಬ ನಂಬಿಕೆಯ ಮೇಲೆ. ಸಿಜಿನ್ಯಾಟ್ ಹಿಂದಿರುವ ಯಂತ್ರಕ್ಕೆ ಹೊರಗಿನಿಂದ ಯಾರೂ ಕರೆ ಹಚ್ಚಲಾರರು, ತಾನೇ ಯಾರಿಗೆ ಕರೆ ಹಚ್ಚಿತೋ ಅವರೊಡನೆ ಮಾತ್ರ ಅದು ಮಾತಾಡಬೇಕು. ಕಡತ ಹಳೆಯದಾಗಿ, ಉಳಿದ ಒಬ್ಬಿಬ್ಬರು ಸೀಡರುಗಳೂ, ಅಂದರೆ ಪೂರ್ತಿ ಕಡತವನ್ನು ಇಟ್ಟುಕೊಂಡು ಹಂಚುವವರೂ, ಇಂಥದೇ ಗೋಡೆಯ ಹಿಂದಿದ್ದರೆ, ಇಳಿಕೆ ಅರ್ಧದಲ್ಲಿ ನಿಂತು ಅಲ್ಲೇ ಕೊಳೆಯುತ್ತದೆ. ಯೂಸ್‌ನೆಟ್ ಎಂಬ ಹಳೆಯ ಸಂದೇಶ ಜಾಲದ ವಿಷಯವಾರು ಗುಂಪುಗಳಾದ ನ್ಯೂಸ್‌ಗ್ರೂಪುಗಳಲ್ಲಿ ಈ ತೊಡಕಿಲ್ಲ, ಏಕೆಂದರೆ ಎಲ್ಲ ಸಂಪರ್ಕಗಳೂ ನಮ್ಮಿಂದ ಸರ್ವರಿಗೆ ಹೊರಡುವಂಥವು. ಬ್ಯಾಂಕಿನ ಜಾಲತಾಣ ತೆರೆಯಬಲ್ಲ ಮನೆಯಲ್ಲಿ ನ್ಯೂಸ್‌ಗ್ರೂಪೂ ನಡೆಯುತ್ತದೆ. ಆದರೆ ಇಲ್ಲಿ ಹಣ ಕೊಡಬೇಕು, ಮತ್ತು ಇಳಿಸಿಕೊಂಡ ನಂತರದ ಕೆಲಸ ಇಳಿಸಿಕೊಳ್ಳುವ ಕೆಲಸಕ್ಕಿಂತ ಭಾರವಾದದ್ದು. ಈ ಎರಡನೆಯ ಮಾತನ್ನು ಹೊಸಬರಿಗೆ ಯಾರೂ ಮೊದಲೇ ಹೇಳುವುದಿಲ್ಲ. ನಾನು ಯಂತ್ರವನ್ನು ಕಟ್ಟಿದ್ದು ಅದನ್ನೇ ಮುಂದಿಟ್ಟುಕೊಂಡು.

ಯೂಸ್‌ನೆಟ್ ಜಾಲತಾಣಗಳಿಗಿಂತ ಹಳೆಯದು. ಡ್ಯೂಕ್ ವಿಶ್ವವಿದ್ಯಾಲಯದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲಿಸ್ 1979ರಲ್ಲಿ ಇದನ್ನು ಯೋಚಿಸಿದರು. ಸರ್ವರುಗಳು ಲೇಖನಗಳನ್ನು, ಅಂದರೆ ಗುಂಪಿಗೆ ಕಳಿಸಿದ ಸಂದೇಶಗಳನ್ನು, ತಮ್ಮತಮ್ಮೊಳಗೆ ಸಾಗಿಸಿಕೊಳ್ಳಲು ಮತ್ತು ಓದುಗರಿಗೆ ಕೊಡಲು ಬಳಸುವ ಎನ್‌ಎನ್‌ಟಿಪಿ ಎಂಬ ಕ್ರಮ 1986ರಲ್ಲಿ ಬಂತು. ಕನ್ನಡಿಗರ ಹರಟೆಗೆ ಸೋಕ್.ಕಲ್ಚರ್.ಇಂಡಿಯನ್.ಕರ್ನಾಟಕ ಎಂಬ ಗುಂಪೇ ಇತ್ತು. ಗೂಗಲ್ ಗ್ರೂಪ್ಸ್ 2024ರ ಫೆಬ್ರವರಿ 22ರಂದು ಯೂಸ್‌ನೆಟ್‌ನ ಹೊಸ ಲೇಖನಗಳನ್ನು ಕೈಬಿಟ್ಟಾಗ ಯೂಸ್‌ನೆಟ್ ಮುಗಿಯಿತೆಂದು ಹಲವರು ಬರೆದರು. ಮುಗಿದದ್ದು ಅದಕ್ಕೆ ಇದ್ದ ಒಂದು ಕಿಟಕಿ ಮಾತ್ರ.

ಮೂಲದಲ್ಲಿ ಇದು ಬರಹಕ್ಕಾಗಿ ಮಾಡಿದ ವ್ಯವಸ್ಥೆಯಾದ್ದರಿಂದ ಕಡತಗಳನ್ನು ಅಕ್ಷರಗಳ ವೇಷ ತೊಡಿಸಿ ಸಾಗಿಸಬೇಕು. ಹಿಂದೆ ಬಳಸುತ್ತಿದ್ದ ಯುಯುಎನ್‌ಕೋಡ್ ಮೂರು ಬೈಟುಗಳನ್ನು ನಾಲ್ಕು ಅಕ್ಷರ ಮಾಡುತ್ತಿತ್ತು, ಅಂದರೆ ಮೂರನೆಯ ಒಂದು ಭಾಗ ಹೆಚ್ಚುವರಿ ಹೊರೆ. 2001ರಲ್ಲಿ ಯುರ್ಗನ್ ಹೆಲ್ಬಿಂಗ್ ರೂಪಿಸಿದ ವೈಎನ್ಕ್ ಪ್ರತಿ ಬೈಟಿಗೆ 42 ಕೂಡಿಸಿ ಹಾಗೆಯೇ ಕಳಿಸುತ್ತದೆ. ಸಾಲು ಮುರಿಯುವಂಥ ಕೆಲವೇ ಅಪಾಯದ ಅಕ್ಷರಗಳನ್ನು ಮಾತ್ರ ಬೇರೆ ಗುರುತಿನೊಡನೆ ಬರೆಯುತ್ತದೆ. ಹೆಚ್ಚುವರಿ ಹೊರೆ ನೂರಕ್ಕೆ ಒಂದೆರಡಕ್ಕೆ ಇಳಿಯಿತು. ಒಂದು ಲೇಖನ ಸಾಮಾನ್ಯವಾಗಿ 700 ಕಿಲೋಬೈಟಿನ ಆಸುಪಾಸಿನಲ್ಲಿರುವುದರಿಂದ, ಒಂದು ಗಿಗಾಬೈಟಿನ ಕಡತವೆಂದರೆ ಸುಮಾರು 1,400 ಲೇಖನಗಳು. ಇಷ್ಟನ್ನೂ ಹುಡುಕಿ ತಂದು ಕ್ರಮವಾಗಿ ಜೋಡಿಸಲು ಎನ್‌ಜಡ್‌ಬಿ ಎಂಬ ಪುಟ್ಟ ಪಟ್ಟಿ ಕಡತ ಬೇಕು. ಟೊರೆಂಟ್ ಕಡತದ ಸ್ಥಾನವನ್ನು ಇಲ್ಲಿ ಅದು ತುಂಬುತ್ತದೆ.

ಮೊದಲು ಖಾತೆಯ ವಿಷಯ. ಇಟರ್ನಲ್ ಸೆಪ್ಟೆಂಬರ್‌ನಂಥ ಉಚಿತ ಸರ್ವರುಗಳು ಬರಹದ ಗುಂಪುಗಳನ್ನಷ್ಟೇ ಕೊಡುತ್ತವೆ. ಕಡತಗಳಿಗೆ ಹಣದ ಖಾತೆ ಬೇಕು. ಇವುಗಳಲ್ಲಿ ಎರಡು ಬಗೆ: ತಿಂಗಳಿಗಿಷ್ಟು ಎಂದು ಕೊಟ್ಟು ಮಿತಿಯಿಲ್ಲದೆ ಇಳಿಸಿಕೊಳ್ಳುವುದು ಒಂದು, ಇಂತಿಷ್ಟು ಗಿಗಾಬೈಟ್ ಎಂದು ಒಮ್ಮೆಗೇ ಕೊಂಡು ಮುಗಿಯುವವರೆಗೆ ಬಳಸುವ ಬ್ಲಾಕ್ ಖಾತೆ ಇನ್ನೊಂದು. ನಮ್ಮ ದೇಶದಿಂದ ಹಣ ಕಟ್ಟುವವರಿಗೆ ಬ್ಲಾಕ್ ಖಾತೆಯೇ ಸಲೀಸು ಎಂಬುದು ನನ್ನ ಅಭಿಪ್ರಾಯ. 2021ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ ನಿಯಮದ ಬಳಿಕ ವಿದೇಶಿ ವ್ಯಾಪಾರಿಗಳು ಕಾರ್ಡಿನಿಂದ ತಿಂಗಳು ತಿಂಗಳು ತಾವಾಗಿ ಹಣ ಎಳೆದುಕೊಳ್ಳುವುದು ಹಲವೆಡೆ ನಿಂತುಹೋಗುತ್ತದೆ. ಒಂದೇ ಬಾರಿಯ ಪಾವತಿಗೆ ಆ ತೊಂದರೆಯಿಲ್ಲ. ಕಾರ್ಡಿನಲ್ಲಿ ಅಂತರರಾಷ್ಟ್ರೀಯ ಆನ್‌ಲೈನ್ ವ್ಯವಹಾರವನ್ನು ಬ್ಯಾಂಕಿನ ಆ್ಯಪಿನಲ್ಲಿ ಮೊದಲೇ ಚಾಲೂ ಮಾಡಿಟ್ಟುಕೊಳ್ಳಬೇಕು, ಹೊಸ ಕಾರ್ಡುಗಳಲ್ಲಿ ಅದು ಮುಚ್ಚಿಯೇ ಇರುತ್ತದೆ.

ಖಾತೆ ಕೊಳ್ಳುವಾಗ ನೋಡಬೇಕಾದ ಇನ್ನೊಂದು ಅಂಶ ರಿಟೆನ್ಷನ್, ಅಂದರೆ ಲೇಖನಗಳನ್ನು ಸರ್ವರ್ ಎಷ್ಟು ದಿನ ಇಟ್ಟುಕೊಂಡಿರುತ್ತದೆ ಎಂಬುದು. ದೊಡ್ಡ ಸರ್ವರುಗಳಲ್ಲಿ ಇದು ಹತ್ತು ವರ್ಷವನ್ನೂ ಮೀರುತ್ತದೆ. ಸೀಡರುಗಳಿಲ್ಲದೆ ಸತ್ತುಹೋದ ಟೊರೆಂಟುಗಳ ಪಕ್ಕದಲ್ಲಿಟ್ಟು ನೋಡಿದರೆ ಇದೇ ದೊಡ್ಡ ಆಕರ್ಷಣೆ. ಖಾತೆ ಮಾರುವ ಅಂಗಡಿಗಳ ಹೆಸರುಗಳು ಹಲವಾರಿದ್ದರೂ ಅವುಗಳ ಹಿಂದೆ ಇರುವ ಮೂಲ ಸರ್ವರ್ ವ್ಯವಸ್ಥೆಗಳು, ಅಂದರೆ ಬ್ಯಾಕ್‌ಬೋನುಗಳು, ಬೆರಳೆಣಿಕೆಯಷ್ಟೇ. ಈ ಮಾತು ಮುಂದೆ ಎರಡನೆಯ ಖಾತೆಯ ವಿಷಯದಲ್ಲಿ ಮತ್ತೆ ಬರುತ್ತದೆ.

ಯಂತ್ರಕ್ಕಾಗಿ ಹೋದದ್ದು ಗ್ರಾಂಟ್ ರೋಡ್ ಸ್ಟೇಷನ್ನಿನ ಪಕ್ಕದ ಲ್ಯಾಮಿಂಗ್ಟನ್ ರೋಡಿಗೆ. ಫಲಕಗಳಲ್ಲಿ ಡಾ. ದಾದಾಸಾಹೇಬ್ ಭಡ್ಕಮ್‌ಕರ್ ಮಾರ್ಗ ಎಂದು ಬರೆದಿದ್ದರೂ ಟ್ಯಾಕ್ಸಿಯವರಿಗೂ ಅಂಗಡಿಯವರಿಗೂ ಅದು ಲ್ಯಾಮಿಂಗ್ಟನ್ನೇ. ರಾಸ್ಪ್‌ಬೆರಿ ಪೈ 4 ಸಾಕಲ್ಲವೇ ಎಂದು ಹಲವರು ಕೇಳುತ್ತಾರೆ. ಸಾಕಾಗದು ಎಂದಲ್ಲ, ಆದರೆ ಗೂಢಲಿಪಿಯ ಲೆಕ್ಕಕ್ಕೆ ಬೇಕಾದ ಎಇಎಸ್ ಸೌಕರ್ಯ ಅದರ ಪ್ರೊಸೆಸರಿನಲ್ಲಿಲ್ಲ, ಸರ್ವರಿನೊಡನೆ ನಡೆಯುವ ಮಾತೆಲ್ಲ ಟಿಎಲ್‌ಎಸ್ ಎಂಬ ಗೂಢಲಿಪಿಯ ಮುಸುಕಿನೊಳಗೇ ಆದ್ದರಿಂದ ಆ ಹೊರೆಯೆಲ್ಲ ಸಾಮಾನ್ಯ ಸೂಚನೆಗಳ ಮೇಲೆ ಬೀಳುತ್ತದೆ. ಅದೇ ಆಸುಪಾಸಿನ ಬೆಲೆಗೆ ಕಚೇರಿಗಳಿಂದ ಹೊರಬಿದ್ದ ರಿಫರ್ಬ್ ಮಿನಿ ಪಿಸಿ ಸಿಗುವಾಗ ನಾನು ಅದನ್ನೇ ಆರಿಸಿದೆ: ನಾಲ್ಕನೆಯ ತಲೆಮಾರಿನ ಐ5, 8 ಜಿಬಿ ರ‍್ಯಾಮ್. ಅದೇ ತಲೆಮಾರಿನ ಪೆಂಟಿಯಂ ಇನ್ನೂ ಅಗ್ಗವಾಗಿದ್ದರೂ ಅದರಲ್ಲಿ ಒಮ್ಮೆಗೇ ಹಲವು ಲೆಕ್ಕ ಮಾಡುವ ಎವಿಎಕ್ಸ್2 ಸೌಕರ್ಯ ಇಲ್ಲ, ಮುರಿದ ಕಡತವನ್ನು ದುರಸ್ತಿ ಮಾಡುವ ಲೆಕ್ಕಕ್ಕೆ ಅದು ಬೇಕು.

ಇಂಥ ಮಾಲಿಗೆ ಅಂಗಡಿಯವರು ಕೊಡುವುದು ಟೆಸ್ಟಿಂಗ್ ವಾರಂಟಿ ಮಾತ್ರ: ಅಲ್ಲೇ ಹಚ್ಚಿ ನೋಡಿ, ಕೆಲವು ದಿನಗಳೊಳಗೆ ಕೆಟ್ಟರೆ ಬದಲಿಸಿಕೊಳ್ಳಿ, ಆಮೇಲೆ ನಮ್ಮ ನಿಮ್ಮ ಸಂಬಂಧ ಮುಗಿಯಿತು. ಆದ್ದರಿಂದ ಲಿನಕ್ಸ್ ಇರುವ ಪೆನ್‌ಡ್ರೈವನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಬೇಕು. ಅದರಿಂದ ಯಂತ್ರವನ್ನು ಚಾಲೂ ಮಾಡಿ, ಪ್ರೊಸೆಸರಿನ ಗುಣಗಳ ಪಟ್ಟಿಯಲ್ಲಿ ಎಇಎಸ್ ಮತ್ತು ಎವಿಎಕ್ಸ್2 ಎಂಬೆರಡು ಪದಗಳಿವೆಯೇ ಎಂದು ನೋಡಿದೆ. ಹಾರ್ಡ್ ಡಿಸ್ಕಿಗೆ ಅದರ ಆರೋಗ್ಯ ತೋರಿಸುವ ಸ್ಮಾರ್ಟ್‌ಸಿಟಿಎಲ್ ಓಡಿಸಿ ಮೂರು ಸಾಲುಗಳನ್ನು ಓದಿದೆ: ಓಡಿದ ಗಂಟೆಗಳು, ಸ್ಥಳ ಬದಲಿಸಿದ ಸೆಕ್ಟರುಗಳು, ಬಾಕಿ ಉಳಿದ ಸೆಕ್ಟರುಗಳು. ಮೊದಲನೆಯದು ಹೆಚ್ಚಿದ್ದರೂ ಚಿಂತೆಯಿಲ್ಲ. ಕಡೆಯ ಎರಡರಲ್ಲಿ ಸೊನ್ನೆಯಲ್ಲದೆ ಬೇರೇನಿದ್ದರೂ ಡಿಸ್ಕನ್ನು ಮೇಜಿನ ಮೇಲೇ ಬಿಟ್ಟು ಬರಬೇಕು. ಅಂಗಡಿಯ ಹುಡುಗ ಈ ತಪಾಸಣೆಯನ್ನು ಬೇಸರದಿಂದ ನೋಡಿದರೂ ಎರಡನೆಯ ಡಿಸ್ಕನ್ನು ಕೇಳದೆಯೇ ತಂದುಕೊಟ್ಟ. ಮನೆಯಲ್ಲಿ ಕೇಸು ಬಿಚ್ಚಿ, ಫ್ಯಾನಿನ ಧೂಳು ತೆಗೆದು, ಒಣಗಿ ಪುಡಿಯಾಗಿದ್ದ ಥರ್ಮಲ್ ಪೇಸ್ಟನ್ನು ಒರೆಸಿ ಹೊಸದು ಹಚ್ಚಿದೆ. ಒಳಗೆ 256 ಜಿಬಿ ಎಸ್‌ಎಸ್‌ಡಿ, ಯುಎಸ್‌ಬಿ 3ರ ಮೂಲಕ ಹೊರಗೆ 2 ಟಿಬಿ ಹಾರ್ಡ್ ಡಿಸ್ಕ್.

ತಂತ್ರಾಂಶ ಹಾಕುವ ಮೊದಲು ಸರ್ವರಿನೊಡನೆ ಕೈಯಿಂದಲೇ ಒಮ್ಮೆ ಮಾತಾಡಿ ನೋಡುವುದು ಒಳ್ಳೆಯದು. ಖಾತೆಯ ದೋಷ ಯಾವುದು, ತಂತ್ರಾಂಶದ ದೋಷ ಯಾವುದು ಎಂಬ ಗೊಂದಲ ಮುಂದೆ ಬರುವುದಿಲ್ಲ. ಎನ್‌ಎನ್‌ಟಿಪಿಯ ಬಾಗಿಲು, ಅಂದರೆ ಪೋರ್ಟ್, 119, ಮುಸುಕು ಹಾಕಿದ ಬಾಗಿಲು 563. ಮುಸುಕಿನ ಸಂಪರ್ಕ ತೆರೆಯುವ ಓಪನ್‌ಎಸ್‌ಎಸ್‌ಎಲ್ ಉಪಕರಣದ ಮೂಲಕ 563ಕ್ಕೆ ಸಂಪರ್ಕಿಸಿದಾಗ ಸರ್ವರ್ 200 ಎಂಬ ಸಂಖ್ಯೆಯಿಂದ ಸ್ವಾಗತಿಸಿತು. ಅದರರ್ಥ ಲೇಖನ ಏರಿಸಲೂ ಅನುಮತಿಯಿದೆ ಎಂದು. ಓದುವುದಕ್ಕೆ ಮಾತ್ರ ಇದ್ದರೆ 201 ಬರುತ್ತದೆ. ಬಳಕೆದಾರನ ಹೆಸರು, ಪಾಸ್‌ವರ್ಡ್ ಕೊಟ್ಟಾಗ 281 ಬಂದರೆ ಒಪ್ಪಿಗೆಯಾದಂತೆ. ಆಮೇಲೆ ಗ್ರೂಪ್ ಎಂಬ ಆಜ್ಞೆಯ ಮುಂದೆ ಆಲ್ಟ್.ಬೈನರೀಸ್.ಟೆಸ್ಟ್ ಎಂದು ಬರೆದರೆ 211ರ ಜೊತೆಗೆ ಆ ಗುಂಪಿನ ಲೇಖನಗಳ ಅಂದಾಜು ಸಂಖ್ಯೆ, ಮೊದಲನೆಯದರ ಮತ್ತು ಕೊನೆಯದರ ಕ್ರಮಾಂಕ ಬರುತ್ತವೆ. ಇಲ್ಲದ ಲೇಖನ ಕೇಳಿದರೆ ಉತ್ತರ 430. ಈ 430 ಎಂಬ ಸಂಖ್ಯೆಯನ್ನು ನೆನಪಿಡಬೇಕು. ನ್ಯೂಸ್‌ಗ್ರೂಪಿನ ಬಹುಪಾಲು ತಕರಾರುಗಳ ಮೂಲದಲ್ಲಿ ಇರುವುದು ಅದೇ.

ಲಿನಕ್ಸಿನ ಡೆಬಿಯನ್ 12 ಹಾಕಿ, ಅದರ ಕಾಂಟ್ರಿಬ್ ಭಂಡಾರದಿಂದ ಎನ್‌ಜಡ್‌ಬಿ ಓದಿ ಕಡತ ಇಳಿಸುವ ಸ್ಯಾಬ್‌ಎನ್‌ಜಡ್‌ಬಿ, ಚಿಕ್ಕದಾಗಿ ಸ್ಯಾಬ್, ತಂದುಕೊಂಡೆ. ಇದಕ್ಕೆ ಸಾಟಿಯಾದ ಎನ್‌ಜಡ್‌ಬಿಗೆಟ್ ಸಿ++ನಲ್ಲಿ ಬರೆದದ್ದು, ಕಡಿಮೆ ಶಕ್ತಿಯ ಯಂತ್ರಗಳಿಗೆ ಅದು ಹಗುರ. ಸ್ಯಾಬ್ ಪೈಥಾನಿನದು. ಸಂದೇಶಗಳು ಸ್ಪಷ್ಟವಾಗಿರುವುದರಿಂದ ಕಲಿಯುವವರಿಗೆ ಅದೇ ಮೇಲು ಎನಿಸುತ್ತದೆ. ಅದು 8080ನೆಯ ಬಾಗಿಲಿನಲ್ಲಿ, ಮೊದಮೊದಲಿಗೆ ತನ್ನ ಯಂತ್ರಕ್ಕೆ ಮಾತ್ರ ಕಾಣುವಂತೆ ಕೂರುತ್ತದೆ. ಮನೆಯ ಬೇರೆ ಕಂಪ್ಯೂಟರಿನಿಂದ ನೋಡಲು ಹೋಸ್ಟ್ ವಿಳಾಸ ಬದಲಿಸಬೇಕು. ಐಪಿಯಿಂದ ತೆರೆದಾಗ ಬರುವ ಪುಟ ಯಂತ್ರದ ಹೆಸರಿನಿಂದ ತೆರೆದಾಗ ಪ್ರವೇಶವಿಲ್ಲ ಎಂದರೆ ಗಾಬರಿಯಾಗಬೇಕಿಲ್ಲ; ಆ ಹೆಸರನ್ನು ಹೋಸ್ಟ್ ವೈಟ್‌ಲಿಸ್ಟ್ ಎಂಬ ಜಾಗದಲ್ಲಿ ಸೇರಿಸಿದರೆ ಸರಿಹೋಗುತ್ತದೆ. ಸಂಪರ್ಕಗಳ ಸಂಖ್ಯೆಯನ್ನು ಖಾತೆ ಅನುಮತಿಸುವಷ್ಟೂ ಏರಿಸುವ ಚಪಲ ಎಲ್ಲರಿಗೂ ಇರುತ್ತದೆ. 100 ಎಂಬಿಪಿಎಸ್ ಲೈನಿನಿಂದ ಹೆಚ್ಚೆಂದರೆ ಸೆಕೆಂಡಿಗೆ 12 ಮೆಗಾಬೈಟ್ ಬರಬಹುದು. ಎಂಟು ಸಂಪರ್ಕಗಳಿಂದ ಆರಂಭಿಸಿ, ವೇಗ ಏರುವುದು ನಿಂತ ಕಡೆ ನಾನೂ ನಿಲ್ಲಿಸಿದೆ.

ಇನ್ನು ಇಡೀ ಕೆಲಸದಲ್ಲಿ ಹೆಚ್ಚು ಯೋಚನೆ ಬೇಡುವ ಭಾಗ: ಯಾವ ಫೋಲ್ಡರ್ ಯಾವ ಡಿಸ್ಕಿನಲ್ಲಿ. ಹತ್ತು ಗಿಗಾಬೈಟಿನ ಒಂದು ಇಳಿಕೆಯಲ್ಲಿ ಲೇಖನಗಳು ಬಂದು ಕೂಡಿ ಹತ್ತು ಗಿಗಾಬೈಟ್ ಬರೆಯಲ್ಪಡುತ್ತದೆ. ಕೆಲವು ಲೇಖನಗಳು ಸಿಗದೆ ದುರಸ್ತಿ ಬೇಕಾದರೆ ಅಷ್ಟನ್ನೂ ಮತ್ತೆ ಓದಬೇಕು. ಜಿಪ್‌ನಂಥ ಗಂಟು ಬಿಚ್ಚುವಾಗ ಹತ್ತು ಓದಿ ಹತ್ತು ಬರೆಯಬೇಕು. ಎಲ್ಲವೂ ಒಂದೇ ಹಾರ್ಡ್ ಡಿಸ್ಕಿನಲ್ಲಿದ್ದರೆ ಓದುವ ಜಾಗಕ್ಕೂ ಬರೆಯುವ ಜಾಗಕ್ಕೂ ಅದರ ಮುಳ್ಳು ಓಡಾಡಿಯೇ ಹೊತ್ತು ಕಳೆಯುತ್ತದೆ. ಈ ನಡುವೆ ಸರದಿಯ ಮುಂದಿನ ಕಡತವೂ ಇಳಿಯುತ್ತಿದ್ದರೆ ವೇಗದ ಗೆರೆ ಹಲ್ಲುಹಲ್ಲಾಗುತ್ತದೆ. ನೋಡಿದವರು ಕೇಬಲ್‌ವಾಲಾನಿಗೆ ಫೋನ್ ಮಾಡಿ ಬೈಯುತ್ತಾರೆ, ಲೈನಿನಲ್ಲಿ ತಪ್ಪೇನೂ ಇರುವುದಿಲ್ಲ. ಆದ್ದರಿಂದ ತಾತ್ಕಾಲಿಕ ಫೋಲ್ಡರನ್ನು ಎಸ್‌ಎಸ್‌ಡಿಯಲ್ಲೂ ಪೂರ್ಣಗೊಂಡವುಗಳ ಫೋಲ್ಡರನ್ನು ಹಾರ್ಡ್ ಡಿಸ್ಕಿನಲ್ಲೂ ಇಟ್ಟೆ. ಬಿಚ್ಚುವಾಗ ಎಸ್‌ಎಸ್‌ಡಿಯಿಂದ ಓದು, ಹಾರ್ಡ್ ಡಿಸ್ಕಿಗೆ ಒಂದೇ ಸಾಲಿನ ಬರವಣಿಗೆ; ಎರಡಕ್ಕೂ ಸುಖ. ಕೆಲಸ ನಡೆದಿರುವಷ್ಟು ಹೊತ್ತು ಗುರಿ ಫೋಲ್ಡರಿನ ಹೆಸರಿನ ಮುಂದೆ ಅನ್‌ಪ್ಯಾಕ್ ಎಂಬ ಗುರುತು ಕಾಣುತ್ತದೆ. ಮುಗಿದೊಡನೆ ಅದು ಹೋಗುತ್ತದೆ, ಕೆಟ್ಟರೆ ಫೇಲ್ಡ್ ಎಂದಾಗುತ್ತದೆ. ಎಸ್‌ಎಸ್‌ಡಿ ತುಂಬಿ ವ್ಯವಸ್ಥೆಯೇ ನಿಲ್ಲದಂತೆ ಕನಿಷ್ಠ ಖಾಲಿ ಜಾಗ 20 ಜಿಬಿ ಎಂದು ನಿಗದಿ ಮಾಡಿದೆ. ಒಂದೇ ಡಿಸ್ಕ್ ಇರುವವರಿಗೆ ಬೇರೆ ದಾರಿಯಿದೆ: ಇಳಿಕೆಯ ನಂತರದ ಕೆಲಸ ನಡೆಯುವಾಗ ಹೊಸ ಇಳಿಕೆಯನ್ನು ತಡೆಹಿಡಿಯುವ ಗುಂಡಿಯನ್ನು ಒತ್ತಿಟ್ಟರೆ ಒಟ್ಟು ಸಮಯ ಕಡಿಮೆಯೇ ಆಗುತ್ತದೆ.

ಪರೀಕ್ಷೆಗೆ ಯಾರದೋ ಕಡತ ಬೇಡವೆಂದು ನನ್ನದನ್ನೇ ಏರಿಸಿದೆ: ಮಾಳಶೇಜ್ ಘಾಟಿನ ಜಲಪಾತಗಳ ಸುಮಾರು 200 ಮೆಗಾಬೈಟಿನ ಚಿತ್ರಗಳ ಗಂಟು, 7-ಜಿಪ್ ರೂಪದಲ್ಲಿ. ಮನುಷ್ಯರ ಮುಖವಿರುವ ಚಿತ್ರಗಳನ್ನು ಬೇಕೆಂದೇ ಬಿಟ್ಟೆ. ಒಮ್ಮೆ ಯೂಸ್‌ನೆಟ್ಟಿಗೆ ಹೋದದ್ದು ಹಲವು ಸರ್ವರುಗಳಿಗೆ ಹರಡುತ್ತದೆ, ಹಿಂತೆಗೆದುಕೊಳ್ಳುವುದು ನಮ್ಮ ಕೈಯಲ್ಲಿರುವುದಿಲ್ಲ. ಪಾರ್‌ಪಾರ್ ಎಂಬ ಉಪಕರಣದಿಂದ ಪಾರ್2 ದುರಸ್ತಿ ಕಡತಗಳನ್ನು ನೂರಕ್ಕೆ ಹತ್ತರಂತೆ ಮಾಡಿಕೊಂಡು, ನ್ಯೂ ಎಂಬ ಇನ್ನೊಂದರಿಂದ ಎಲ್ಲವನ್ನೂ ಆಲ್ಟ್.ಬೈನರೀಸ್.ಟೆಸ್ಟ್ ಗುಂಪಿಗೆ ಏರಿಸಿದೆ. ಎನ್‌ಜಡ್‌ಬಿಯನ್ನು ಅದೇ ಬರೆದುಕೊಟ್ಟಿತು. ಪಾರ್2 ನಿಂತಿರುವುದು ರೀಡ್-ಸಾಲೊಮನ್ ಗಣಿತದ ಮೇಲೆ. ಮದುವೆ ಮನೆಯಲ್ಲಿ ಎಣಿಕೆಗಿಂತ ಹತ್ತು ಎಲೆ ಹೆಚ್ಚಿಗೆ ಇಟ್ಟುಕೊಂಡರೆ ಯಾರ ಎಲೆ ಹರಿದರೂ ಅದೇ ಆಗುವಂತೆ, ಇಲ್ಲಿಯೂ ಯಾವ ತುಂಡು ಕಳೆದರೂ ಯಾವುದೇ ದುರಸ್ತಿ ತುಂಡು ಅದರ ಜಾಗ ತುಂಬಬಲ್ಲದು. ಎಣಿಕೆ ಸರಿಹೋಗಬೇಕು ಅಷ್ಟೆ. ದುರಸ್ತಿ ತುಂಡಿನ ಅಳತೆಯನ್ನು ಲೇಖನದ ಅಳತೆಗೆ ಸಮವಾಗಿ ಇಡುವುದು ಜಾಣತನ. ಅಳತೆ ತಪ್ಪಿದರೆ, ಕಳೆದ ಒಂದು ಲೇಖನ ಎರಡು ತುಂಡುಗಳ ಗಡಿಯ ಮೇಲೆ ಬಿದ್ದು ಎರಡನ್ನೂ ಕೆಡಿಸಬಹುದು.

ಎನ್‌ಜಡ್‌ಬಿಯನ್ನು ಸಾಮಾನ್ಯ ಎಡಿಟರಿನಲ್ಲಿ ತೆರೆದರೆ ಒಳಗಿರುವುದು ಎಕ್ಸ್‌ಎಂಎಲ್. ಪ್ರತಿ ಕಡತಕ್ಕೂ ಅದು ಇರುವ ಗುಂಪಿನ ಹೆಸರು. ಅದರ ಕೆಳಗೆ ಸಾಲುಸಾಲಾಗಿ ತುಣುಕುಗಳು, ಪ್ರತಿಯೊಂದಕ್ಕೂ ಬೈಟುಗಳ ಲೆಕ್ಕ, ಕ್ರಮಾಂಕ, ಮತ್ತು ಆ ಲೇಖನಕ್ಕೆ ಮಾತ್ರ ಇರುವ ಗುರುತಾದ ಮೆಸೇಜ್-ಐಡಿ, ಕೋನಾವರಣ ಕಳಚಿ. ನನ್ನ ಗಂಟಿಗೆ ಇಂಥ 280ರಷ್ಟು ಸಾಲುಗಳಿದ್ದವು. ಮೊದಲು ಹಾಗೆಯೇ ಇಳಿಸಿದಾಗ ಸ್ಯಾಬ್ ಪಾರ್2ರ ಸಣ್ಣ ಸೂಚಿ ಕಡತವನ್ನು ಮಾತ್ರ ತಂದು, ಅದರಲ್ಲಿರುವ ಮೊಹರನ್ನು, ಅಂದರೆ ಕಡತದಿಂದ ಲೆಕ್ಕಹಾಕಿದ ಗುರುತನ್ನು, ಇಳಿದ ಕಡತದ ಮೊಹರಿನೊಡನೆ ತಾಳೆ ನೋಡಿ ಮುಗಿಸಿತು. ದುರಸ್ತಿ ತುಂಡುಗಳನ್ನು ಮುಟ್ಟಲೇ ಇಲ್ಲ. ಬ್ಲಾಕ್ ಖಾತೆಯಲ್ಲಿ ಇದು ಉಳಿತಾಯ.

ಆಮೇಲೆ ಹನ್ನೆರಡು ತುಣುಕುಗಳ ಮೆಸೇಜ್-ಐಡಿಯಲ್ಲಿ ಒಂದೊಂದು ಅಕ್ಷರ ಬದಲಿಸಿ ಅದನ್ನೇ ಮತ್ತೆ ಕೊಟ್ಟೆ. ಆ ಹನ್ನೆರಡಕ್ಕೂ ಸರ್ವರ್ 430 ಎಂದಿತು. ಸ್ಯಾಬ್ ಕೊರತೆಯನ್ನು ಎಣಿಸಿ, ಬೇಕಾದ ತುಂಡುಗಳಿರುವ ದುರಸ್ತಿ ಕಡತಗಳನ್ನು ಹೆಚ್ಚುವರಿಯಾಗಿ ತರಿಸಿಕೊಂಡು ಕಡತವನ್ನು ಕೂಡಿಸಿತು. ಬಿಚ್ಚಿದ ಚಿತ್ರಗಳ ಎಸ್‌ಎಚ್‌ಎ-256 ಎಂಬ ತಾಳೆಯ ಮೊತ್ತ ಮೂಲದೊಡನೆ ಅಕ್ಷರಕ್ಕೆ ಅಕ್ಷರ ಹೊಂದಿತು. ಕಡೆಗೆ ನಲವತ್ತು ಸಾಲುಗಳನ್ನು ಕೆಡಿಸಿದೆ. ದುರಸ್ತಿ ತುಂಡುಗಳಿರುವುದೇ ಇಪ್ಪತ್ತೆಂಟರ ಆಸುಪಾಸಿನಲ್ಲಿ. ಇದನ್ನು ಪೂರ್ಣಗೊಳಿಸಲಾಗದು ಎಂದು ತಿಳಿದೊಡನೆ ಸ್ಯಾಬ್ ನಡುವಿನಲ್ಲೇ ಕೈಬಿಟ್ಟಿತು. ದುರಸ್ತಿಯ ಹೊತ್ತು ಕಡತದ ಗಾತ್ರಕ್ಕೂ ಕಳೆದ ತುಂಡುಗಳ ಸಂಖ್ಯೆಗೂ ಒಟ್ಟಾಗಿ ಏರುವುದರಿಂದ, 200 ಮೆಗಾಬೈಟಿನಲ್ಲಿ ಕಣ್ಣುಮಿಟುಕಿಸುವಷ್ಟರಲ್ಲಿ ಮುಗಿಯುವುದು 20 ಗಿಗಾಬೈಟಿನಲ್ಲಿ ಪ್ರೊಸೆಸರನ್ನು ಬಹಳ ಹೊತ್ತು ಕಾಯಿಸುತ್ತದೆ. ಪಾರ್‌ಪಾರ್ ಬರೆದವರೇ ರೂಪಿಸಿದ ಪಾರ್2ಸಿಎಂಡಿಲೈನ್-ಟರ್ಬೊ ಹಾಕಿಕೊಂಡರೆ ಎವಿಎಕ್ಸ್2 ಪೂರ್ತಿ ಬಳಕೆಗೆ ಬರುತ್ತದೆ. ಲ್ಯಾಮಿಂಗ್ಟನ್ನಿನಲ್ಲಿ ಪೆಂಟಿಯಂ ಬಿಟ್ಟು ಐ5 ತಂದದ್ದಕ್ಕೆ ಕಾರಣ ಇದೇ.

ಇದನ್ನೆಲ್ಲ ನೋಡಿದ ಅಕ್ಕನ ಮಗ, “ಮಾವ, ಹಾಗಾದರೆ ಇದರಲ್ಲಿ ಸಿನಿಮಾ ಇಳಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ ಅಲ್ಲವೇ?” ಎಂದ. ಟೊರೆಂಟಿನಲ್ಲಿ ಇಳಿಸುವವನೇ ಹಂಚುವವನೂ ಆಗಿರುತ್ತಾನೆ, ಅವನ ಐಪಿ ವಿಳಾಸ ಗುಂಪಿನಲ್ಲಿರುವ ಎಲ್ಲರಿಗೂ ಕಾಣುತ್ತದೆ. ನ್ಯೂಸ್‌ಗ್ರೂಪಿನಲ್ಲಿ ಇವೆರಡೂ ಇಲ್ಲ ಎಂಬುದು ನಿಜ. ಆದರೆ ಇದು ತಾಂತ್ರಿಕ ವ್ಯತ್ಯಾಸವೇ ಹೊರತು ಕಾನೂನಿನ ರಿಯಾಯಿತಿಯಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 63ನೆಯ ಕಲಮು ಉಲ್ಲಂಘನೆಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆ, 50,000ದಿಂದ ಎರಡು ಲಕ್ಷ ರೂಪಾಯಿಯವರೆಗೆ ದಂಡ ಹೇಳುತ್ತದೆ. ಯಾವ ಬಾಗಿಲಿನಿಂದ ಇಳಿಸಿದಿರಿ ಎಂದು ಅದು ಕೇಳುವುದಿಲ್ಲ. ಖಾತೆಗೆ ಕಾರ್ಡಿನಿಂದ ಹಣ ಕೊಟ್ಟವನು ಯಾರೆಂಬುದು ಸರ್ವರಿನವರಿಗೆ ಗೊತ್ತೇ ಇರುತ್ತದೆ ಎಂದೂ ಅವನಿಗೆ ಹೇಳಿದೆ. ನನ್ನ ಯಂತ್ರದಲ್ಲಿ ಇಳಿಯುವುದು ಮುಕ್ತ ಪರವಾನಗಿಯ ತಂತ್ರಾಂಶ, ಕೃತಿಸ್ವಾಮ್ಯ ಮುಗಿದ ಪುಸ್ತಕಗಳ ಸ್ಕ್ಯಾನುಗಳು, ಬರಹದ ಗುಂಪುಗಳ ಹಳೆಯ ಚರ್ಚೆಗಳು.

ಹಳೆಯ ಲೇಖನಗಳಲ್ಲಿ 430 ಬರುವುದು ತಪ್ಪಿದ್ದಲ್ಲ. ತೆಗೆಸಿಹಾಕಿದವೂ ಇರುತ್ತವೆ, ಸರ್ವರಿನಲ್ಲೇ ಕಳೆದುಹೋದವೂ ಇರುತ್ತವೆ. ಅದಕ್ಕೆ ಎರಡನೆಯ ಖಾತೆ ಬೇಕು. ಅದು ಬೇರೆ ಅಂಗಡಿಯದಾಗಿದ್ದರೆ ಸಾಲದು, ಬೇರೆ ಬ್ಯಾಕ್‌ಬೋನಿನದೇ ಆಗಿರಬೇಕು. ಹಿಂದಿನ ವ್ಯವಸ್ಥೆ ಒಂದೇ ಆಗಿದ್ದರೆ ಇಲ್ಲಿಲ್ಲದ್ದು ಅಲ್ಲಿಯೂ ಇರುವುದಿಲ್ಲ, ಹಣ ಮಾತ್ರ ಎರಡು ಬಾರಿ ಹೋಗುತ್ತದೆ. ನಾನು ಎರಡನೆಯದಾಗಿ ಸಣ್ಣದೊಂದು ಬ್ಲಾಕ್ ಕೊಂಡು, ಸ್ಯಾಬಿನ ಸರ್ವರ್ ಪುಟದಲ್ಲಿ ಮೊದಲನೆಯದಕ್ಕೆ ಆದ್ಯತೆ 0, ಇದಕ್ಕೆ 1 ಎಂದು ಬರೆದೆ. ಸಂಖ್ಯೆ ಕಡಿಮೆಯಾದಷ್ಟೂ ಸರದಿ ಮೊದಲು. ಮೊದಲ ಸರ್ವರ್ 430 ಎಂದ ಲೇಖನಗಳಿಗೆ ಮಾತ್ರ ಎರಡನೆಯದನ್ನು ಕೇಳುವುದರಿಂದ ಅದರ ಗಿಗಾಬೈಟುಗಳು ನಿಧಾನವಾಗಿ ಕರಗುತ್ತವೆ. ಎಷ್ಟು ಕರಗಿತೆಂಬ ಲೆಕ್ಕವನ್ನು ಪ್ರತಿ ಸರ್ವರಿನ ಎದುರಿಗೇ ಸ್ಯಾಬ್ ತೋರಿಸುತ್ತದೆ.